ಅಳಿಸಿದ ಹನ್ನೆರಡು ದಾರಿಗಳು

"ರೀ, ನಿಲ್ರಿ. ಮುಂದ ಕಾಲುವಿ ಒಡದೈತಿ."

ಸೈಕಲ್ಲಿನ ಮೇಲಿದ್ದವನು ನಿಲ್ಲಲಿಲ್ಲ. ಸುಮ್ಮನಿರು ಎಂಬಂತೆ ಅಂಗೈ ಎತ್ತಿ ತೋರಿಸಿದ. ಅವನ ತುಟಿಗಳು ಮಾತ್ರ ಅಲುಗುತ್ತಿದ್ದವು.

ಆದಮ್ಮನಿಗೆ ಮೈ ಉರಿಯಿತು. ಒಳ್ಳೆಯದು ಹೇಳಿದವಳಿಗೆ ಕೈ ತೋರಿಸುವ ಇವನು ಯಾವ ಊರಿನ ದೊರೆ? ತಲೆಯ ಮೇಲಿದ್ದ ಹುಲ್ಲಿನ ಹೊರೆಯನ್ನು ಕಾಲುವೆಯ ದಂಡೆಗೆ ಎಸೆದು, ದಾರಿಯ ನಡುವೆ ನಿಂತಳು.

"ನಿಮಗ ಹೇಳಾಕತ್ತೀನಿ. ಕಿವಿ ಕೇಳಂಗಿಲ್ಲೇನು?"

ಅವನು ಬ್ರೇಕು ಹಿಡಿದು ಒಂದು ಕಾಲು ಊರಿದ. ಕಣ್ಣು ಮುಚ್ಚಿದ.

"ಎರಡು ಸಾವಿರದ ನೂರಾ..."

ಮುಂದಿನ ಸಂಖ್ಯೆ ಬರಲಿಲ್ಲ.

"ಹೋತು," ಎಂದ. "ಮಸ್ಕಿ ಬಸ್‌ಸ್ಟ್ಯಾಂಡಿನಿಂದ ಎಣಿಸಿಕೋತ ಬಂದಿದ್ದೆ. ಎಲ್ಲಾ ಹೋತು."

"ಏನ್ ಎಣಿಸಾಕತ್ತಿದ್ರಿ?"

"ಗಾಲಿ."

"ಎರಡೇ ಅದಾವಲ್ರಿ."

ಸಿಟ್ಟಿನಲ್ಲಿದ್ದವನು ನಕ್ಕುಬಿಟ್ಟ. ಅವಳು ನಗಲಿಲ್ಲ. ಆದರೆ ಹೊರೆಯನ್ನು ಮತ್ತೆ ಎತ್ತಿಕೊಳ್ಳುವುದನ್ನು ಮರೆತಳು.

ಅದು ಸಾವಿರದ ಒಂಬೈನೂರ ತೊಂಬತ್ತೊಂದನೆಯ ಇಸವಿಯ ಕೊನೆ. ಅವನ ಹೆಸರು ಕನಕರಾಯ. ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರ. ರಜೆಯ ದಿನಗಳಲ್ಲಿ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ, ನಾಲ್ಕು ಜನ ಗೆಳೆಯರೊಂದಿಗೆ ಒಂದು ನಕ್ಷೆ ಮಾಡುತ್ತಿದ್ದ. ಸರಕಾರದ ನಕ್ಷೆಯಲ್ಲಿ ಡಾಂಬರು ರಸ್ತೆ ಇತ್ತು, ದೊಡ್ಡ ಕಾಲುವೆ ಇತ್ತು. ಬಂಡಿದಾರಿ ಇರಲಿಲ್ಲ, ಹಳ್ಳ ದಾಟುವ ಜಾಗ ಇರಲಿಲ್ಲ, ಕಾಲುವೆ ಬಂದ ಮೇಲೆ ಗದ್ದೆಗಳ ನಡುವೆ ಎದ್ದ, ಕ್ಯಾಂಪು ಎಂದು ಕರೆಯುವ ಹೊಸ ವಸತಿಗಳ ಹೆಸರೇ ಇರಲಿಲ್ಲ. ಹೆರಿಗೆಗೆ ಹೊರಟ ನರ್ಸಮ್ಮ ದಾರಿ ತಪ್ಪಿ ಎರಡು ತಾಸು ತಡವಾಗಿ ತಲುಪಿದ ಮೇಲೆ ಈ ಕೆಲಸ ಶುರುವಾಗಿತ್ತು.

ನಕ್ಷೆ ಸಿಂಧನೂರಿನ ಒಂದು ವಾಚನಾಲಯದ ಗೋಡೆಯ ಮೇಲಿರುತ್ತದೆ. ಯಾರು ಬೇಕಾದರೂ ನೋಡಬಹುದು, ನಕಲು ಮಾಡಿಕೊಳ್ಳಬಹುದು. ತಪ್ಪು ಕಂಡವರು ಹೇಳಿದರೆ ಅಳೆದು ತಿದ್ದಲಾಗುತ್ತದೆ. ಇದಕ್ಕೆ ಒಡೆಯರಿಲ್ಲ.

"ಈ ದಂಡಿ ಹಿಡಿದು ಹೋದ್ರ ಎಲ್ಲಿಗೂ ಮುಟ್ಟಂಗಿಲ್ರಿ," ಎಂದಳು ಆದಮ್ಮ. "ನಮ್ಮ ಹೊಲದ ಹಿಂದ ದಾರಿ ಐತಿ. ನಿಮ್ಮ ಕಾಗದದಾಗ ಅದು ಇರಾಕಿಲ್ಲ."

"ಇಲ್ಲ," ಎಂದು ಅವನು ಒಪ್ಪಿಕೊಂಡ. "ತೋರಿಸ್ತೀರಾ?"

ತೋರಿಸಿದಳು. ಮುಂದಿನ ವಾರ ತಾನೇ ಸೈಕಲ್ ಹತ್ತಿದಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಇಪ್ಪತ್ತೊಂದು ವರ್ಷದ ಹುಡುಗಿ ಅವಳು. ಅಪ್ಪ ದುರುಗಪ್ಪನ ದೊಡ್ಡ ಸೈಕಲ್ಲನ್ನು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಗಂಡುಮಕ್ಕಳಂತೆ ಓಡಿಸುತ್ತಿದ್ದಳು.

ಕೆಲಸದ ಕ್ರಮ ಸರಳವಾಗಿತ್ತು. ಮುಂದಿನ ಗಾಲಿಯ ಕಡ್ಡಿಗೆ ಒಂದು ಚರ್ಮದ ಪಟ್ಟಿ. ಗಾಲಿ ಒಂದು ಸುತ್ತು ತಿರುಗಿದರೆ ಪಟ್ಟಿ ಒಂದು ಸಲ ಟಕ್ ಎನ್ನುತ್ತದೆ. ನೂರು ಸುತ್ತಾದರೆ ಒಂದು ಹುಣಸೆಬೀಜ ಸೆರಗಿನ ಗಂಟಿಗೆ. ದಾರಿ ಮುಗಿದ ಮೇಲೆ ಒಟ್ಟು ಸುತ್ತನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು.

"ಎಣಿಸೋದು ನಿಂದು, ಗುಣಿಸೋದು ನಂದು," ಎಂದಿದ್ದ ಕನಕರಾಯ. ಒಂದು ಸುತ್ತಿಗೆ ನೆಲ ಎಷ್ಟು ಸಾಗುತ್ತದೆ, ಏಕೆ ಸಾಗುತ್ತದೆ ಎಂಬುದನ್ನು ಅವಳಿಗೆ ಹೇಳಲಿಲ್ಲ. ಅಷ್ಟು ತಿಳಿದರೆ ಸಾಕು ಎಂದುಕೊಂಡ. ಕಲಿಸುವವನು ಅರ್ಧ ಕಲಿಸಬಾರದು. ಅವನು ಕಲಿಸಿದ್ದು ಅರ್ಧ.

ಭಾನುವಾರಗಳು ಬಂದವು. ವಾಚನಾಲಯದ ಉದ್ದ ಮೇಜಿನ ಮೇಲೆ ನಕ್ಷೆ ಹರಡಿ, ಅವಳು ಓದಿ ಹೇಳುವುದು, ಅವನು ಪೆನ್ಸಿಲ್ಲಿನಿಂದ ಗೆರೆ ಎಳೆಯುವುದು.

"ಇಲ್ಲಿ ಹಳ್ಳದಾಗ ಮೊಣಕಾಲುದ್ದ ನೀರು," ಎಂದು ಓದಿದಳು ಒಮ್ಮೆ.

"ಯಾರ ಮೊಣಕಾಲು?"

"ನಂದು."

"ಹಂಗಾರ ನಾನೂ ದಾಟಬಹುದು."

ಅವಳು ತಲೆ ತಗ್ಗಿಸಿ ನಕ್ಕಳು. ಅಂದು ಊರಿಗೆ ಹೋಗುವ ಬಸ್ಸಿನಲ್ಲಿ ಆ ಮಾತನ್ನು ಎಷ್ಟು ಸಲ ನೆನೆದಳೆಂದರೆ, ಇಳಿಯುವ ಊರು ದಾಟಿಹೋಯಿತು.

ಒಂಬತ್ತು ದಾರಿಗಳು ಮುಗಿದ ದಿನ ಕನಕರಾಯ ಪೆನ್ಸಿಲ್ ಕೆಳಗಿಟ್ಟ.

"ಆದಮ್ಮ, ನಿನ್ನ ಕಡೆ ಇನ್ನ ಹನ್ನೆರಡು ದಾರಿ ಉಳಿದಾವು. ಅವು ಮುಗಿದ ಮ್ಯಾಲ ನಿಮ್ಮ ಮನಿಗೆ ಬರ್ತೀನಿ. ನಿಮ್ಮಪ್ಪನ ಕೂಡ ಮಾತಾಡೋದೈತಿ."

"ಏನು ಮಾತು ರೀ?"

"ನಕ್ಷೆ ಮಾತಲ್ಲ."

ಇಷ್ಟೇ ಅವನು ಹೇಳಿದ್ದು. ಅವಳಿಗೆ ಇಷ್ಟೇ ಸಾಕಾಗಿತ್ತು. ಹನ್ನೆರಡು ದಾರಿ... ಹನ್ನೆರಡೇ ದಾರಿ.

ಮೂರನೆಯ ದಿನ ದುರುಗಪ್ಪ ತನ್ನ ಸೈಕಲ್ಲಿಗೆ ಬೀಗ ಹಾಕಿದ.

"ಮಂದಿ ಬಾಯಾಗ ಬಿದ್ದೀಯಲ್ಲಬೇ. ನಿನ್ನೆ ಚಾದಂಗಡ್ಯಾಗ ನನ್ನ ಎದುರಿಗೇ ಅಂದ್ರು, 'ದುರುಗಪ್ಪನ ಮಗಳು ಮಾಸ್ತರನ ಬೆನ್ನು ಹತ್ಯಾಳ' ಅಂತ. ಇನ್ಮ್ಯಾಲ ಈ ಸೈಕಲ್ ಮುಟ್ಟಬ್ಯಾಡ. ಆ ಮಾಸ್ತರ ನಮ್ಮ ಹೊಸ್ತಿಲಿಗೆ ಬಂದ್ರ ಮಂದಿ ಮುಂದ ಮರ್ಯಾದಿ ಕಳದು ಕಳಿಸ್ತೀನಿ. ನೋಡ್ಕೋ."

ಕನಕರಾಯನಿಗೆ ಇದನ್ನು ಹೇಳಿದರೆ ಅವನು ಅಂದೇ ಬರುತ್ತಾನೆಂದು ಆದಮ್ಮನಿಗೆ ಗೊತ್ತಿತ್ತು. ಬಂದರೆ ಅಪ್ಪ ಹೇಳಿದಂತೆಯೇ ಮಾಡುತ್ತಾನೆಂಬುದೂ ಗೊತ್ತಿತ್ತು. ಹನ್ನೆರಡು ದಾರಿ ಮುಗಿಯುವುದರೊಳಗೆ ಅಪ್ಪನ ಸಿಟ್ಟು ಇಳಿದೀತು. ಅಲ್ಲಿಯವರೆಗೆ ಬಾಯಿ ಬಿಡಬಾರದು ಎಂದು ನಿಶ್ಚಯಿಸಿದಳು.

ಅವ್ವ ಪಕೀರಮ್ಮ ಮಗಳ ಮುಖ ನೋಡಿ ಹೇಳಿದಳು: "ಮಸ್ಕಿಗೆ ಹೊಲಿಗಿ ಕಲಿಯಾಕ ಹೋಗ್ಯಾಳ ಅಂತ ಹೇಳ್ತೀನಿ. ಹೊತ್ತು ಮುಣುಗೋದ್ರಾಗ ಮನ್ಯಾಗ ಇರಬೇಕು."

ಮಸ್ಕಿಯಲ್ಲಿ ಹಸನ್‌ಸಾಬನ ಬಾಡಿಗೆ ಸೈಕಲ್ ಅಂಗಡಿ ಇತ್ತು. ದೊಡ್ಡ ಸೈಕಲ್ಲುಗಳು ಬೆಳಕು ಹರಿಯುವಷ್ಟರಲ್ಲಿ ಹೋಗಿಬಿಡುತ್ತಿದ್ದವು. ಉಳಿಯುತ್ತಿದ್ದದ್ದು ಮಕ್ಕಳು ಕಲಿಯುವ ಸಣ್ಣ ಸೈಕಲ್ ಒಂದೇ.

"ಇದು ನಿನಗ ಸಣ್ಣದಾಗತೈತಿ ಬೇಟಿ," ಎಂದ ಹಸನ್‌ಸಾಬ್. "ಮೊಣಕಾಲು ಗದ್ದಕ್ಕ ಬಡೀತಾವು."

"ಬಡೀಲಿ ಚಾಚಾ. ಗಾಲಿ ತಿರುಗಿದ್ರ ಸಾಕು."

ಅವಳು ಚರ್ಮದ ಪಟ್ಟಿಯನ್ನು ಈ ಸಣ್ಣ ಗಾಲಿಗೆ ಕಟ್ಟಿದಳು. ದೊಡ್ಡ ಗಾಲಿ ಇಪ್ಪತ್ತೆಂಟು ಇಂಚು, ಇದು ಇಪ್ಪತ್ನಾಲ್ಕು. ದೊಡ್ಡದು ಆರು ಸುತ್ತಿನಲ್ಲಿ ದಾಟುವ ನೆಲಕ್ಕೆ ಇದಕ್ಕೆ ಏಳು ಸುತ್ತು ಬೇಕು. ಆದಮ್ಮನಿಗೆ ಅದು ಹೊಳೆಯಲಿಲ್ಲ. ಸುತ್ತು ಎಂದರೆ ಸುತ್ತು. ಅವಳು ಎಣಿಸಿದಳು. ಎರೆಮಣ್ಣಿನಲ್ಲಿ ತಳ್ಳಿ ಎಣಿಸಿದಳು. ಕ್ಯಾಂಪಿನ ನಾಯಿ ಅಟ್ಟಿಸಿಕೊಂಡು ಬಂದಾಗ ಬಿದ್ದು, ಮೊಣಕೈ ತರಚಿ, ಬಿದ್ದಲ್ಲೇ ಕೂತು ಮೊದಲು ಸಂಖ್ಯೆ ಬರೆದುಕೊಂಡಳು. ಎರಡು ತಿಂಗಳು. ಹನ್ನೆರಡು ದಾರಿ. ಒಂದು ಸುತ್ತೂ ಸುಳ್ಳಲ್ಲ.

ಈ ಅವಧಿಯಲ್ಲಿ ಅವಳಿಗೆ ಭಾನುವಾರ ಸಿಂಧನೂರಿಗೆ ಹೋಗಲಾಗಲಿಲ್ಲ. ನೋಟ್‌ಬುಕ್ಕಿನ ಹಾಳೆಗಳನ್ನು ಬಸ್ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದಳು. ಕೊನೆಯ ಹಾಳೆಯನ್ನು ಮಾತ್ರ ತಾನೇ ಒಯ್ದಳು. ಅವ್ವನ ಮದುವೆಯ ಹಸಿರು ಸೀರೆ ಉಟ್ಟಿದ್ದಳು.

ವಾಚನಾಲಯದಲ್ಲಿ ಗೆಳೆಯರೆಲ್ಲ ಇದ್ದರು. ಯಾರೂ ಅವಳ ಮುಖ ನೋಡಲಿಲ್ಲ.

ನಕ್ಷೆ ಗೋಡೆಯ ಮೇಲಿತ್ತು. ಮಸ್ಕಿಯ ಪೂರ್ವಕ್ಕೆ ಕಾಗದ ಬೆಳ್ಳಗಿತ್ತು. ಹತ್ತಿರ ಹೋಗಿ ನೋಡಿದಳು. ರಬ್ಬರು ಉಜ್ಜಿದ ಜಾಗ ಒರಟಾಗಿತ್ತು. ಈ ಎರಡು ತಿಂಗಳಲ್ಲಿ ಅವಳು ಕಳಿಸಿದ ದಾರಿಗಳ ಗೆರೆಗಳಿರಲಿಲ್ಲ. ಗೆರೆಗಳ ತುದಿಗಿದ್ದ ಕ್ಯಾಂಪುಗಳೂ ಇರಲಿಲ್ಲ.

"ಮಾಸ್ತರ... ಇದೇನ್ರಿ?"

ಕನಕರಾಯನ ಮುಖ ಸೋತಿತ್ತು. ಮಾತು ಮಾತ್ರ ಗಟ್ಟಿಯಾಗಿತ್ತು.

"ಈ ಎರಡು ತಿಂಗಳು ನೀ ಬರದ ದಾರಿ ಒಂದೂ ಕೂಡಾಕಿಲ್ಲ. ನೀ ಅಳದದ್ದು, ನಾ ಅಳದದ್ದು ಒಂದು ಊರಿನ ಒಂದ ಬಾವಿಗೆ ಬಂದು ಸೇರಬೇಕು. ನಕ್ಷೆಯೊಳಗ ಆ ಊರಿಗೆ ಎರಡು ಬಾವಿ ಆಗ್ಯಾವು."

"ನಾ ತಿರುಗೀನಿ ರೀ. ಎಣಿಸೀನಿ."

"ಯಾವ ಸೈಕಲ್ ಮ್ಯಾಲ? ಹೋದ ಗುರುವಾರ ಎರಡು ದಾರಿ ತಿರುಗೀನಿ ಅಂತ ಬರದೀದಿ. ಅದೇ ಗುರುವಾರ ನಿಮ್ಮಪ್ಪ ಆ ಸೈಕಲ್ ಮ್ಯಾಲ ಮಸ್ಕಿಯೊಳಗಿದ್ರು. ನಾ ಕಣ್ಣಾರೆ ನೋಡೀನಿ." ಅವನು ಅವಳು ಕಳಿಸಿದ ಹಾಳೆಗಳನ್ನು ಮುಂದಕ್ಕೆ ಸರಿಸಿದ. "ಮನ್ಯಾಗ ಕುಂತು ಬರದಿ ಅಲ್ಲ? ಆಗಂಗಿಲ್ಲ ಅಂದಿದ್ರ ಸಾಕಿತ್ತು, ಆದಮ್ಮ. ಈ ದಾರಿ ನಂಬಿ ಯಾರರ ಹೋಗೋರು."

ಅವಳ ಬಾಯಿಗೆ ಉತ್ತರ ಬಂದಿತ್ತು. ಹಸನ್‌ಸಾಬನ ಹೆಸರು, ಸಣ್ಣ ಸೈಕಲ್, ಅಪ್ಪನ ಬೀಗ... ಎಲ್ಲ ನಾಲಗೆಯ ತುದಿಯಲ್ಲಿತ್ತು.

ಕಣ್ಣು ಮತ್ತೆ ಆ ಬಿಳಿಯ ಜಾಗಕ್ಕೆ ಹೋಯಿತು.

ಕೇಳುವ ಮೊದಲೇ ಅಳಿಸಿದ್ದಾನೆ.

ಅವಳು ಕೊನೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು. "ಇದನ್ನೂ ಅಳಿಸ್ಕೋರಿ," ಎಂದಳು. ಮೆಟ್ಟಿಲಿಳಿದಳು. ಹಿಂದಿನಿಂದ ಯಾರೂ ಕರೆಯಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಅವಳ ಹನ್ನೆರಡು ದಾರಿಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚಾಗಿದ್ದವು: ಆರು ಇದ್ದದ್ದು ಏಳು, ಮೂರು ಇದ್ದದ್ದು ಮೂರೂವರೆ. ಊಹಿಸಿ ಬರೆಯುವವರ ಕೈಯಲ್ಲಿ ಪ್ರಮಾಣ ನಿಲ್ಲುವುದಿಲ್ಲ. ಲೆಕ್ಕದ ಮಾಸ್ತರನಿಗೆ ಅದು ಕಾಣಬೇಕಿತ್ತು. ಕಾಣಲಿಲ್ಲ. ಬೇರೆ ಯಾರ ಹಾಳೆಯಾಗಿದ್ದರೂ ಕಾಣುತ್ತಿತ್ತು.

ಒಂದು ತಿಂಗಳ ನಂತರ ಆದಮ್ಮ ಮಸ್ಕಿಯ ರಸ್ತೆಯಲ್ಲಿ ನಿಂತಿದ್ದಾಗ ಒಂದು ಎತ್ತಿನ ಬಂಡಿಯೂ ಒಂದು ಸೈಕಲ್ಲೂ ಒಟ್ಟೊಟ್ಟಿಗೆ ಹೋದವು. ಬಂಡಿಯ ಗಾಲಿ ನಿಧಾನವಾಗಿ ತಿರುಗುತ್ತಿತ್ತು, ಸೈಕಲ್ಲಿನ ಗಾಲಿ ಬೇಗ ಬೇಗ. ಆದರೂ ಎರಡೂ ಜೊತೆಯಲ್ಲೇ ಇದ್ದವು.

ಅವಳು ಇದ್ದಲ್ಲೇ ಕೂತುಬಿಟ್ಟಳು. ಎಲ್ಲವೂ ತಿಳಿಯಿತು.

ಸಿಂಧನೂರಿನ ಬಸ್ಸು ಎದುರಿಗೇ ನಿಂತಿತ್ತು. ಹತ್ತಿದರೆ ಒಂದು ತಾಸಿನ ದಾರಿ. 'ಹೋಗಿ ಹೇಳಲೇ?' ಎಂದು ತನ್ನನ್ನೇ ಕೇಳಿಕೊಂಡಳು. ಬಸ್ಸು ಹೊರಡುವವರೆಗೂ ಕೇಳಿಕೊಳ್ಳುತ್ತಲೇ ಇದ್ದಳು. ಹತ್ತಲಿಲ್ಲ.

ಐದು ವರ್ಷ ಕಳೆದವು. ಮೂರು ಸಂಬಂಧಗಳು ಬಂದವು, ಮೂರನ್ನೂ ಬೇಡವೆಂದಳು. ಮುದಗಲ್ಲಿನ ಹತ್ತಿರದ ಒಂದು ಹಳ್ಳಿಯಲ್ಲಿ ಬಾಲವಾಡಿ ಟೀಚರ್ ಆದಳು. ಹಗಲು ಮಕ್ಕಳ ಗದ್ದಲದಲ್ಲಿ ಸರಿಯುತ್ತಿತ್ತು. ಸಂಜೆಗಳು ಸರಿಯುತ್ತಿರಲಿಲ್ಲ. ಯಾವುದಾದರೂ ಸೈಕಲ್ಲಿನ ಗಂಟೆ ಕೇಳಿದರೆ ಬಾಗಿಲಿನತ್ತ ನೋಡಬಾರದೆಂದು ನಿಯಮ ಹಾಕಿಕೊಂಡಿದ್ದಳು. ನೋಡುತ್ತಿದ್ದಳು.

ತೊಂಬತ್ತೇಳರ ಒಂದು ಮಧ್ಯಾಹ್ನ, ಮಕ್ಕಳು ಉಂಡು ಮನೆಗೆ ಹೋದ ಮೇಲೆ, ಆ ಬಾಗಿಲಲ್ಲಿ ಕನಕರಾಯ ನಿಂತಿದ್ದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅಂಗಿಯ ತುಂಬ ಧೂಳು.

ಆದಮ್ಮ ಪಾತ್ರೆ ತೊಳೆಯುತ್ತಿದ್ದಳು. ಕೈ ನಿಂತಿತು. ಮಾತು ಮಾತ್ರ ನೆಟ್ಟಗೆ ಬಂತು.

"ಒಳಗ ಬರ್ರಿ. ಜಾಗ ಹೆಂಗ ಸಿಕ್ತು?"

"ನಿಮ್ಮಪ್ಪ ಹೇಳಿದ್ರು."

"ಅಪ್ಪ ಹೇಳಿದ್ನೇನು?"

"ಮೊದಲು ಬೈದ್ರು. ಆಮ್ಯಾಲ ನೀರು ಕೊಟ್ರು. ನೀರು ಕುಡಿಯೂತನ ಮತ್ತ ಬೈದ್ರು. ಬೀಗ ಹಾಕಿದ್ದೂ ಹೇಳಿದ್ರು."

ಅವಳ ತುಟಿಯ ಕೊನೆ ಅಲುಗಿತು. ಅವನು ಗೋಡೆಗೆ ಒರಗಿ ಕೂತ.

"ಮೊನ್ನೆ ಮಸ್ಕಿಯೊಳಗ ಟಯರು ಒಡೀತು. ಹಸನ್‌ಸಾಬ್ ಒಂದು ಸಣ್ಣ ಸೈಕಲ್ ಕೊಟ್ಟ. ಮುಂದಿನ ಗಾಲಿಗೆ ಚರ್ಮದ ಪಟ್ಟಿ ಇತ್ತು. 'ಯಾರು ಕಟ್ಟಿದ್ದು?' ಅಂದೆ. 'ಒಬ್ಬ ಹುಡುಗಿ. ಬಿದ್ದು ಮೈ ಕೆತ್ತಿಕೊಂಡು ಬಂದ್ರೂ, ಎಣಿಕಿ ತಪ್ಪಿಲ್ಲ ಚಾಚಾ ಅಂತಿದ್ಲು' ಅಂದ." ಅವನು ಬೆರಳಿನಿಂದ ನೆಲದ ಮೇಲೆ ಒಂದು ಸುತ್ತು ಬರೆದ. "ಗಾಲಿ ಅಳದೆ. ನಿನ್ನ ಹಾಳಿ ಎಲ್ಲಾ ನನ್ನ ಹತ್ರ ಇದ್ದವು. ಏಳಕ್ಕ ಆರರಂಗ ಹಿಡದು ಮತ್ತ ಗೆರೆ ಎಳದೆ. ಹನ್ನೆರಡೂ ಬಂದು ಕೂಡಿದ್ವು. ಒಂದೂ ತಪ್ಪಿಲ್ಲ, ಆದಮ್ಮ. ಗೋಡಿ ಮ್ಯಾಲಿನ ನಕ್ಷೆಯೊಳಗ ಅವನ್ನ ಮಸಿಲೆ ಬರದು ಬಂದೀನಿ."

"ಗೊತ್ತಿತ್ರಿ."

"ಏನು?"

"ಗಾಲಿ ಸಣ್ಣದು ಅನ್ನೋದು. ಐದು ವರ್ಷದಿಂದ ಗೊತ್ತೈತಿ."

ಅವನು ಅವಳನ್ನೇ ನೋಡಿದ. "ಬಂದು ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಗಾಲಿ ಅಳೀತಿದ್ರಿ. ಲೆಕ್ಕ ಕೂಡಿದ ಮ್ಯಾಲ ಲೆಕ್ಕ ನಂಬ್ತಿದ್ರಿ." ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. "ನನ್ನಲ್ಲ."

ಅವಳು ಹೇಳಿದ್ದು ನಿಜವಾಗಿತ್ತು. ಇಂದೂ ಅವನು ಅಳತೆ ಕೂಡಿದ ಮೇಲೆಯೇ ಬಂದಿದ್ದ. ಅವನ ಕಣ್ಣುಗಳು ತುಂಬಿದವು. ಒರೆಸಿಕೊಳ್ಳಲಿಲ್ಲ.

"ತಪ್ಪಾತು," ಎಂದ. "ಅಂದು ನೀ ಬರದ ಹಾಳಿ ಸುಳ್ಳು ಅನ್ನಿಸಿದಾಗ, ನೀ ನನ್ನ ಕೂಡ ಆಡಿದ ಮಾತೆಲ್ಲ ಸುಳ್ಳು ಅನ್ನಿಸ್ತು. ಅದು ತಡಕೊಳ್ಳಾಕ ಆಗಲಿಲ್ಲ. ನಾ ಮದುವಿ ಆಗಿಲ್ಲ, ಆದಮ್ಮ. ಆಗೋದೂ ಇಲ್ಲ. ಇದನ್ನ ಹೇಳಿ ಹೋಗಾಕ ಬಂದೆ. ನೀ ಏನೂ ಕೊಡಬೇಕಂತಿಲ್ಲ."

ಅವಳು ಎದ್ದು ನಿಂತಳು. ಬೆನ್ನು ತಿರುಗಿಸಿ ಕಿಟಕಿಯತ್ತ ನೋಡುತ್ತ ಹೇಳಿದಳು.

"ನಾನೂ ಹೇಳಿಬಿಡ್ತೀನಿ. ನಿಮ್ಮ ದಾರಿ ಕಾದುಕೋತ ನಾ ಕುಂತಿಲ್ಲ."

"ಸರಿ."

"ಬಂದ ಸಂಬಂಧ ಬ್ಯಾಡ ಅಂದಿದ್ದು ನಿಮ್ಮ ಸಲುವಾಗಿ ಅಲ್ಲ."

"ಸರಿ."

"ನಿಮ್ಮ ನೆನಪು ಸುದ್ದಾ ನನಗಿಲ್ಲ."

"ಸರಿ, ಆದಮ್ಮ."

ಯಾಕೆ ಎಂದು ಅವನು ಕೇಳಲಿಲ್ಲ. ಗುರುತು ಕೇಳಲಿಲ್ಲ, ಸಾಕ್ಷಿ ಕೇಳಲಿಲ್ಲ.

"ನಂಬಿದ್ರೇನು?" ಎಂದಳು.

"ನೀ ಹೇಳಿದ್ದು. ನಂಬೀನಿ."

ಅವನು ಎದ್ದ. ಅಂಗಳ ದಾಟಿ ಸೈಕಲ್ಲಿನ ಸ್ಟ್ಯಾಂಡು ತೆಗೆದ. ಬಿಸಿಲಿನಲ್ಲಿ ಅವನ ನೆರಳು ಗೋಡೆಯ ಮೇಲೆ ಬಿದ್ದು, ಸರಿಯಿತು.

"ಮಾಸ್ತರ..."

ತಿರುಗಿದ. ಆದಮ್ಮ ಬಾಗಿಲಿಗೆ ಬಂದಿದ್ದಳು. ಕಣ್ಣೀರು ಗದ್ದದವರೆಗೆ ಇಳಿದಿತ್ತು.

"ನಂಬಬ್ಯಾಡ್ರಿ."

ಅವನು ಸೈಕಲ್ಲನ್ನು ಮತ್ತೆ ಗೋಡೆಗೆ ಒರಗಿಸಿದ.

"ಯಾವುದನ್ನ?"

"ಮೂರನ್ನೂ."