ತೋಳಿನಲ್ಲಿ ಉಳಿದದ್ದು

ಬೆಟ್ಟದಾಚೆಯ ಕಲ್ಲಿನ ಗುಡಿಸಲಲ್ಲಿ ಭಾವ ಕಾಲು ಮುರಿದುಕೊಂಡು ಬಿದ್ದಿದ್ದರು. ನೆಲ ಅಳೆಯಲು ಹೋದವರು. ಗಾಯ ಕಪ್ಪಾಗುತ್ತಿದೆ ಎಂದು ವೈರ್‌ಲೆಸ್‌ನಲ್ಲಿ ಹೇಳಿದ್ದೇ ಕೊನೆ, ಆಮೇಲೆ ಮಾತಿಲ್ಲ. ಮಂಜಿನಲ್ಲಿ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಹಿಮ ದಾಟಿ, ಜಾರುಬಂಡಿಯಲ್ಲಿ ಎಳೆದು ತರಬೇಕು. ಸಿದ್ಧರಾದವರು ಇಬ್ಬರೇ: ಅವರ ಹೆಂಡತಿ, ದೂರದ ಓಟಗಾರರಿಗೆ ತರಬೇತಿ ಕೊಡುವ ಅಕ್ಕ; ಅವಳ ಬಡಗಿ ತಮ್ಮ.

ಗಾಳಿ ಇಳಿಯಲು ಎರಡು ದಿನ ಕಾಯಬೇಕಾಯಿತು. ಅಕ್ಕ ಒಲೆ ಬಿಟ್ಟು ಕದಲಲಿಲ್ಲ. ಅನ್ನ, ಬೇಯಿಸಿದ ಆಲೂಗಡ್ಡೆ, ಜೇನು ಸವರಿದ ಬ್ರೆಡ್ಡು.

“ಸುಮ್ನೆ ಕೂತು ತಿನ್ನು. ಇದೆಲ್ಲ ಮಾಂಸಖಂಡದಲ್ಲಿ ಸೇರ್ಕೊಳ್ಳುತ್ತೆ. ಮೇಲೆ ಹೋದ್ಮೇಲೆ ಅದೇ ನಮ್ಮ ಸೌದೆ.”

ಎರಡನೇ ದಿನ ತಮ್ಮ ತೂಕದ ಯಂತ್ರ ಹತ್ತಿದ. ಎರಡು ಕಿಲೋ ಏರಿತ್ತು! ಈ ಬೊಜ್ಜು ಹೊತ್ತು ಬೆಟ್ಟ ಹತ್ತುವುದುಂಟೇ? ತಟ್ಟೆಯಲ್ಲಿದ್ದುದನ್ನು ಮೆಲ್ಲಗೆ ನಾಯಿಗೆ ದಾಟಿಸಿದ. ಹಿತ್ತಲ ಮೆಟ್ಟಿಲನ್ನು ಬೆವರು ಇಳಿಯುವವರೆಗೆ ಹತ್ತಿ ಇಳಿದ. ತನ್ನಂಥ ಜಾಣನಿಲ್ಲ ಎಂದುಕೊಂಡ, ಪಾಪ.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಪೈನ್ ಮರಗಳು ಕುಳ್ಳಾಗುತ್ತ ಹೋಗಿ ಕೊನೆಗೆ ಇಲ್ಲವಾದವು. ಆಮೇಲೆ ಕಣ್ಣು ಹಾಯಿಸಿದಲ್ಲೆಲ್ಲ ಬಿಳುಪು, ಅದರ ನಡುವೆ ಅಲ್ಲೊಂದು ಇಲ್ಲೊಂದು ಕರಿಬಂಡೆ, ಬಿಟ್ಟೂಬಿಡದ ಗಾಳಿ. ಗುಡಿಸಲು ಸಿಕ್ಕಿತು. ಭಾವನ ಮೈ ಕೆಂಡವಾಗಿತ್ತು. ಅವರನ್ನು ಬಂಡಿಗೆ ಕಟ್ಟಿ ತಡಮಾಡದೆ ಹಿಂದಿರುಗಿದರು.

ಕೊನೆಯ ಏರಿನ ನಡುವೆ ತಮ್ಮ ಕುಸಿದ.

“ಅಕ್ಕಾ, ಕಾಲು ಏಳ್ತಿಲ್ಲ.”

“ಹೊಟ್ಟೆತುಂಬ ತಿಂದಿದ್ಯಲ್ಲೋ?”

ಅವನು ನಿಜ ಹೇಳಿಬಿಟ್ಟ.

“ಅಯ್ಯೋ ಮಂಕೆ! ಅದು ಬೊಜ್ಜಲ್ಲ ಕಣೋ. ಆ ಸೌದೆ ಜೊತೆ ಮೈ ನೀರನ್ನೂ ಹಿಡಿದಿಡುತ್ತೆ, ಅದರ ತೂಕ. ಮೆಟ್ಟಿಲು ಹತ್ತಿ ಕಾಲಲ್ಲಿದ್ದ ಸೌದೆನ ಮೊದ್ಲೇ ಸುಟ್ಕೊಂಡ್ಯಲ್ಲ!”

ಅಕ್ಕ ಒಬ್ಬಳೇ ಎಳೆದಳು. ಬಂಡಿ ಗೇಣು ಏರಿ, ಮೊಳ ಜಾರಿತು.

“ನನ್ನ ಬಿಟ್ಟು ಹೋಗಿ” ಎಂದರು ಭಾವ.

ಅಕ್ಕ ಹಿಮದಲ್ಲಿ ಕುಳಿತು ಅತ್ತಳು. ಗಂಡ ಇಲ್ಲೇ ಉಳಿಯುತ್ತಾರೆ, ಬಹುಶಃ ತಮ್ಮನೂ. ಬೇರೆ ದಾರಿಯೇ ಕಾಣಲಿಲ್ಲ.

ತಮ್ಮ ಮುಖ ಒರೆಸಿಕೊಳ್ಳಲು ಕೈ ಎತ್ತಿದ. ಆ ಕೈ ನಡುಗಲಿಲ್ಲ. ಅಕ್ಕ ಅದನ್ನೇ ನೋಡಿದಳು.

“ತೋಳಲ್ಲಿರೋದನ್ನ ಕಾಲಿಗೆ ಕೊಡೋಕಾಗಲ್ಲ. ಅದು ಅಲ್ಲೇ ಇರುತ್ತೆ. ನಿನ್ನ ತೋಳು ಇನ್ನೂ ತುಂಬಿದೆ!”

ಹಗ್ಗದ ತುದಿ ಹಿಡಿದು ಹತ್ತಿ, ಮೇಲಿನ ಬಂಡೆಗೆ ಬಿಗಿದು ಕೆಳಗಿಳಿದಳು.

ತಮ್ಮ ಬೋರಲು ಮಲಗಿ ಹಗ್ಗ ಹಿಡಿದ. ಎಳೆದ. ಮೈ ಮೇಲೇರಿತು, ಕಾಲು ಹಿಂದೆ ಸತ್ತಂತೆ ತೆವಳಿಬಂತು.

ಮೇಲೆ ತಲುಪಿ, ಬಂಡೆಗೆ ಹಿಮ್ಮಡಿ ಒತ್ತಿ ಕುಳಿತ. ಈಗ ಬಂಡಿಯ ಹಗ್ಗ. ಕೆಳಗಿಂದ ಅಕ್ಕ ನೂಕಿದಳು.

“ಎಳಿ!”

ಕೈಗವಸು ಹರಿಯಿತು. ಚರ್ಮ ಕಿತ್ತುಬಂತು. ಬಂಡಿ ಏರಿತು.

ಅಲ್ಲಿಂದ ಮುಂದೆ ಇಳಿಜಾರು; ಬಂಡಿ ತಾನೇ ಜಾರಿತು, ತಮ್ಮ ಅದಕ್ಕೆ ಜೋತುಬಿದ್ದು ಇಳಿದ. ಊರು ತಲುಪಿದಾಗ ಭಾವನಿಗೆ ಉಸಿರಿತ್ತು. ಮೊಣಕಾಲ ಕೆಳಗಿನದನ್ನು ವೈದ್ಯರಿಗೆ ಉಳಿಸಲಾಗಲಿಲ್ಲ. ಒಂದು ದಿನ ಮೊದಲು ತಂದಿದ್ದರೂ ಆಗುತ್ತಿರಲಿಲ್ಲ ಎಂದರು. ತಮ್ಮ ಅದನ್ನು ನಂಬಲಿಲ್ಲ.

ಅಡುಗೆಮನೆಯಲ್ಲಿ ಅವನ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಅಕ್ಕ ಆಲೂಗಡ್ಡೆ ಚಿವುಟಿ ಬಾಯಿಗಿಟ್ಟಳು. ನಾಯಿ ಬಂದು ಅಭ್ಯಾಸದಂತೆ ಕಾಲ ಬಳಿ ಕುಳಿತು ಕಾಯಿತು. ತಮ್ಮ ಅದರ ಕಡೆ ನೋಡದೆ ಮತ್ತೆ ಬಾಯಿ ತೆರೆದ.