ದುರುಗಿಕಟ್ಟೆಯ ನೂರಾ ಹದಿನೆಂಟು ತಲೆ

೧೯೮೨ರ ಜೂನ್ ೧೪, ಸೋಮವಾರ, ಬೆಳಿಗ್ಗೆ ೯.೪೦. ಆ ಹೊತ್ತಿನಲ್ಲಿ ಹೊನ್ನಾಳಿ ಠಾಣೆಗೆ ಬರುವವರು ಎಮ್ಮೆ ಕಳೆದುಕೊಂಡವರು, ಇಲ್ಲವೇ ಬದುವಿನ ಜಗಳದಲ್ಲಿ ತಲೆ ಒಡೆಸಿಕೊಂಡವರು. ಉಡಚಮ್ಮ ಮಾತ್ರ ಇಡೀ ಊರೇ ಕಳೆದುಹೋಗುವ ನೋಟೀಸು ಹಿಡಿದು ಬಂದಿದ್ದರು. ಸವಳಂಗದ ಆಚೆಯ ದುರುಗಿಕಟ್ಟೆಯವರು, ಕೂಲಿ ಕೆಲಸ, ವಯಸ್ಸು ಐವತ್ತರ ಆಸುಪಾಸು.

ಸಬ್ ಇನ್‌ಸ್ಪೆಕ್ಟರ್ ಶಿವಮೂರ್ತಪ್ಪ ನೋಟೀಸನ್ನು ಎರಡು ಸಲ ಓದಿದರು. ವಿಶೇಷ ಭೂಮಂಜೂರಾತಿ ಕಚೇರಿಯದು. ದುರುಗಿಕಟ್ಟೆ ಬೇಚರಾಕ್ ಗ್ರಾಮ, ಅಂದರೆ ಜನವಸತಿ ಇಲ್ಲದ ಊರು. ೧೯೭೧ರ ಜನಗಣತಿಯಲ್ಲೂ ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಈಗಿನ ಮನೆಗಳೆಲ್ಲ ಇತ್ತೀಚಿನ ಒತ್ತುವರಿ. ಅವನ್ನು ತೆರವು ಮಾಡಿ ಜಮೀನನ್ನು ಅರ್ಜಿದಾರರಾದ ಜಗಳೂರಿನ ಅಜ್ಜಮ್ಮನವರಿಗೆ ಮಂಜೂರು ಮಾಡಲಾಗುವುದು. ವಿಚಾರಣೆ ಜೂನ್ ೨೮ಕ್ಕೆ. ಜೊತೆಗೆ ಜನಗಣತಿ ಪುಸ್ತಕದ್ದೆಂದು ಹೇಳುವ, ಕೈಬರಹದ ಒಂದು ದೃಢೀಕೃತ ನಕಲು.

"ಎಷ್ಟು ಮನೆ ಇದಾವೆ?"

"ಮೂವತ್ತು ಅದಾವೆ ಸ್ವಾಮಿ. ನಾನು ಸೊಸೆಯಾಗಿ ಬಂದಾಗ ಹನ್ನೆರಡಿದ್ವು."

"ದಾಖಲೆ?"

"ಓಟಿನ ಪಟ್ಟಿ, ರೇಷನ್ನು ಎಲ್ಲಾ ಪಕ್ಕದೂರಿನ ಹೆಸರಲ್ಲೇ ಐತೆ. ಆದ್ರೆ ನಮ್ಮನ್ನ ಎಣಿಸ್ಯಾರೆ. ಎಪ್ಪತ್ತೊಂದರ ಗಣತಿಗೆ ಮೇಷ್ಟ್ರು ಬಂದು ಬಾಗಿಲಿಗೆ ಕೆಮ್ಮಣ್ಣಲ್ಲಿ ನಂಬರ್ ಹಾಕಿ, ತಲೆ ಎಷ್ಟು ಅಂತ ಕೇಳಿ ಬರ್ಕೊಂಡು ಹೋದ್ರು. ಎಣಿಸಿದ್ದನ್ನ ಎಲ್ಲಾದ್ರೂ ಇಟ್ಟಿರಬೇಕಲ್ರೀ?"

ಶಿವಮೂರ್ತಪ್ಪನವರ ಹತ್ತು ವರ್ಷದ ನೌಕರಿಯಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ವಕೀಲರೂ ಕೇಳಿರಲಿಲ್ಲ. ಸುಳ್ಳು ದಾಖಲೆ ಸೃಷ್ಟಿ ಮತ್ತು ಬಳಕೆಯ ಆರೋಪದಡಿ ೧೦.೨೫ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ ಅಪರಿಚಿತ.

ಅದೇ ದಿನ ಮಧ್ಯಾಹ್ನ ಅವರು ಭೂಮಂಜೂರಾತಿ ಕಚೇರಿಗೆ ಹೋದರು. ನಕಲು ವಿಭಾಗದ ಗುಮಾಸ್ತ ಮಲ್ಲಿಕಾರ್ಜುನಪ್ಪ ಎದ್ದು ನಿಂತು ಕುರ್ಚಿ ಕೊಟ್ಟ.

"ಈ ನಕಲಿಗೆ ಸಹಿ ಹಾಕಿದವರು?"

"ಹಿಂದಿನ ಸಾಹೇಬ್ರು. ತೀರಿಕೊಂಡು ವರ್ಷ ಆತು ಸಾರ್."

"ಮೂಲ ಪುಸ್ತಕ ಎಲ್ಲಿ?"

"ಗೆದ್ದಲು ತಿಂದಿತ್ತು. ಸುಟ್ಟುಬಿಟ್ವಿ."

"ಪಂಚನಾಮೆ ಆಗಿದೆಯಾ?"

"ಗೆದ್ದಲಿಗೆ ಯಾರು ಪಂಚನಾಮೆ ಮಾಡ್ತಾರೆ ಸಾರ್?"

ಸಹಿ ಹಾಕಿದವರು ಸತ್ತಿದ್ದರು, ಪುಸ್ತಕ ಬೂದಿಯಾಗಿತ್ತು. ಎಷ್ಟು ಅನುಕೂಲ ನೋಡಿ. ಜೂನ್ ೧೬ರಂದು ಜಗಳೂರಿಗೆ ಹೋದ ಕಾನ್‌ಸ್ಟೇಬಲ್ ದಾಸಪ್ಪನಿಗೂ ಅರ್ಜಿಯಲ್ಲಿದ್ದ ವಿಳಾಸದಲ್ಲಿ ಸಿಕ್ಕಿದ್ದು ಬೀಗ. ಅಜ್ಜಮ್ಮ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಅವರು ಡ್ಯಾಮಿನ ನೀರಲ್ಲಿ ಮುಳುಗಿದ ಊರಿನವರೆಂದೂ, ಮಗನ ಜೊತೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿಗೆ ಹೋದರೆಂದೂ ಪಕ್ಕದ ಮನೆಯವರು ಹೇಳಿದರು. ಮಗನ ಹೆಸರು ಅವರಿಗೆ ನೆನಪಿರಲಿಲ್ಲ.

"ನಲ್ಲೂರಿಗೆ ಹೋಗಿ ಹಿಡ್ಕೊಂಡು ಬರ್ಲಾ ಸಾರ್?"

"ಜಮೀನು ಕೇಳಿದ್ದು ಅಪರಾಧ ಅಲ್ಲ ಕಣಯ್ಯಾ. ಊರಲ್ಲಿ ಜನ ಇರಲಿಲ್ಲ ಅಂತ ಬರೆದಿದ್ದು ಸುಳ್ಳು ಅಂತ ಮೊದಲು ತೋರಿಸಬೇಕು. ಪುಸ್ತಕ ಬೇಕು."

ಜನಗಣತಿ ಇಲಾಖೆಗೆ ಬರೆದರೆ ಉತ್ತರ ಬರುವಷ್ಟರಲ್ಲಿ ದುರುಗಿಕಟ್ಟೆಯ ಗೋಡೆಗಳು ನೆಲ ಕಂಡಿರುತ್ತಿದ್ದವು. ಶಿವಮೂರ್ತಪ್ಪ ಎಂ.ಎ. ಅರ್ಧಕ್ಕೆ ಬಿಟ್ಟ ಆಸಾಮಿ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸರ್ಕಾರಿ ಪ್ರಕಟಣೆಗಳ ಕಪಾಟಿನ ಹಿಂದೆ ತಾವು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದುದು ಅವರಿಗೆ ಈಗ ಉಪಯೋಗಕ್ಕೆ ಬಂತು.

ಜೂನ್ ೧೮, ಶುಕ್ರವಾರ, ಬೆಳಿಗ್ಗೆ ೧೦.೩೦. ಗ್ರಂಥಾಲಯದ ಒಳಗೆ ಬೂಟಿನ ಸದ್ದಿಗೆ ಓದುವವರೆಲ್ಲ ತಲೆ ಎತ್ತಿದರು. ದಾಸಪ್ಪ ಪುಸ್ತಕಗಳ ಹೆಸರು ಬರೆದ ಕಾರ್ಡುಗಳ ಡ್ರಾಯರಿನಲ್ಲಿ ಕರ್ನಾಟಕ ಹುಡುಕಿದ, ಶಿವಮೊಗ್ಗ ಹುಡುಕಿದ. ಜನಗಣತಿಯ ಪುಸ್ತಕ ಎಲ್ಲೂ ಇಲ್ಲ. ಮುಖ ಸಪ್ಪಗಾಯಿತು. ಗ್ರಂಥಪಾಲಕಿ ಸರ್ವಮಂಗಳಮ್ಮ ಕನ್ನಡಕದ ಮೇಲಿಂದ ನೋಡಿದರು.

"ಎಪ್ಪತ್ತೊಂದರಲ್ಲಿ ನಮ್ಮ ರಾಜ್ಯಕ್ಕೆ ಏನು ಹೆಸರಿತ್ತು?"

"ಮೈಸೂರು ಅಂತಿತ್ತಲ್ರೀ ಮೇಡಂ."

"ಮತ್ತೆ ಕರ್ನಾಟಕದಲ್ಲಿ ಯಾಕೆ ಹುಡುಕ್ತೀರಿ? ಗಣತಿ ಮಾಡಿದ್ದು ಭಾರತ ಸರ್ಕಾರ. ಮೊದಲು ಇಂಡಿಯಾ ತೆಗೀರಿ, ಅದರಲ್ಲಿ ಸೆನ್ಸಸ್, ಅದರಲ್ಲಿ ಮೈಸೂರು, ಆಮೇಲೆ ಜಿಲ್ಲೆ."

ದಾಸಪ್ಪ ಹಾಗೇ ಮಾಡಿದ. ನಾಲ್ಕನೇ ಕಾರ್ಡಿನಲ್ಲಿ ಶಿವಮೊಗ್ಗ ಜಿಲ್ಲಾ ಜನಗಣತಿ ಕೈಪಿಡಿ ಸಿಕ್ಕಿತು.

"ಮನೆಯವರ ಹೆಸರೂ ಇರ್ತವಾ ಮೇಡಂ?" ಶಿವಮೂರ್ತಪ್ಪ ಕೇಳಿದರು.

"ಹೆಸರು ಯಾರಿಗೂ ಕೊಡಲ್ಲ, ಪೊಲೀಸರಿಗೂ ಇಲ್ಲ. ಕಾನೂನು ಹಾಗಿದೆ. ಪುಸ್ತಕದಲ್ಲಿ ಊರಿನ ಎಣಿಕೆ ಮಾತ್ರ. ಹೊರಗೆ ಒಯ್ಯೋ ಹಾಗಿಲ್ಲ. ಬೇಕಾದ ಪುಟಕ್ಕೆ ಫೋಟೋಸ್ಟಾಟ್ ಮಾಡಿಸಿ ಸೀಲು ಹಾಕಿ ಕೊಡ್ತೀನಿ."

ದಪ್ಪ ಪುಸ್ತಕ, ತೆಗೆದವರೇ ಇಲ್ಲವೆಂಬಂತೆ ಹಾಳೆಗಳು ಅಂಟಿಕೊಂಡಿದ್ದವು. ಶಿವಮೂರ್ತಪ್ಪ ಹೊನ್ನಾಳಿ ತಾಲ್ಲೂಕಿನ ಪುಟಗಳಲ್ಲಿ ಬೆರಳಿಟ್ಟು ಕೆಳಗಿಳಿದರು. ದುರುಗಿಕಟ್ಟೆ. ಮನೆ ೨೩. ಜನ ೧೧೮. ವಿಸ್ತೀರ್ಣ ೧೬೭ ಹೆಕ್ಟೇರ್. ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಉಡಚಮ್ಮ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಎಣಿಸಿದ್ದನ್ನು ಯಾರೋ ಹನ್ನೊಂದು ವರ್ಷ ಜೋಪಾನವಾಗಿ ಇಟ್ಟಿದ್ದರು.

ದಾಸಪ್ಪ ಸುಳ್ಳು ನಕಲನ್ನು ಪಕ್ಕಕ್ಕೆ ಹಿಡಿದು ನೋಡುತ್ತಲೇ ಇದ್ದ. "ಸಾರ್, ಇದರಲ್ಲಿ ನಾನೂರ ಹನ್ನೆರಡು ಎಕರೆ ಹದಿನೆಂಟು ಗುಂಟೆ ಅಂತೈತೆ. ಪುಸ್ತಕದಲ್ಲಿ ಗುಂಟೆ ಎಲ್ಲೈತೆ?"

ಶಿವಮೂರ್ತಪ್ಪ ಪುಟ ತಿರುವಿದರು. ತಾಲ್ಲೂಕು ಮುಗಿಯಿತು, ಮುಂದಿನದೂ ಮುಗಿಯಿತು. ಎಲ್ಲಿ ನೋಡಿದರೂ ಹೆಕ್ಟೇರೇ. ಬರೆದವನು ಪುಸ್ತಕದಿಂದ ನಕಲು ಮಾಡಿರಲಿಲ್ಲ; ದಿನವಿಡೀ ಪಹಣಿ ಬರೆದೂ ಬರೆದೂ ಎಕರೆ ಗುಂಟೆಗೆ ಒಗ್ಗಿಹೋದ ಕೈ ಅದು.

"ಶಭಾಷ್ ದಾಸಪ್ಪ. ಆ ಕೈ ಯಾರದ್ದು ಅಂತ ಈಗ ಅಜ್ಜಮ್ಮನನ್ನೇ ಕೇಳೋಣ, ನಲ್ಲೂರಿಗೆ ನಡಿ."

ಜೂನ್ ೨೨, ಬೆಳಿಗ್ಗೆ ೧೧.೧೫. ಇಬ್ಬರು ಪಂಚರೊಡನೆ ಅವರು ನಲ್ಲೂರಿನ ಬಾಡಿಗೆ ಮನೆಯ ಮುಂದೆ ನಿಂತಾಗ ಅಜ್ಜಮ್ಮ ಅಕ್ಕಿ ಆರಿಸುತ್ತಿದ್ದರು. ಪೊಲೀಸರನ್ನು ಕಂಡು ಹೆದರಲಿಲ್ಲ, ಕೂರಲು ಚಾಪೆ ಹಾಸಿದರು.

"ಜಮೀನಿನ ಅರ್ಜಿ ಯಾರು ಬರೆದಿದ್ದು ಅಮ್ಮಾ?"

"ನನ್ನ ಮಗ ಮಲ್ಲಿಕಾರ್ಜುನ. ಹೊನ್ನಾಳಿಯಾಗೆ ಜಮೀನಿನ ಆಫೀಸಲ್ಲೇ ಅವ್ನೆ. ಹೆಬ್ಬೆಟ್ಟು ಒತ್ತು ಅಂದ, ಒತ್ತಿದೆ."

"ಆಫೀಸಿನ ಪುಸ್ತಕ ಏನಾದ್ರೂ ತಂದಿಟ್ಟಿದಾನಾ?"

"ಒಂದೈತೆ. ದಿನಾ ಓದ್ತಾನೆ." ಅವರೇ ಟ್ರಂಕು ತೆಗೆದು ಬಟ್ಟೆ ಸುತ್ತಿದ ಪುಸ್ತಕ ತಂದುಕೊಟ್ಟರು. ಗೆದ್ದಲು ತಿಂದಿದ್ದ ಪುಸ್ತಕಕ್ಕೆ ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಪಂಚನಾಮೆ ಮುಗಿದಾಗ ೧೨.೧೦. ಮಧ್ಯಾಹ್ನ ೩.೩೦ಕ್ಕೆ ಕಚೇರಿಯಲ್ಲಿ ಮಲ್ಲಿಕಾರ್ಜುನಪ್ಪನ ದಸ್ತಗಿರಿಯಾಯಿತು. ಈ ಸಲ ಅವನು ಕುರ್ಚಿ ಕೊಡಲಿಲ್ಲ.

ಜೂನ್ ೨೮ರ ವಿಚಾರಣೆಗೆ ದುರುಗಿಕಟ್ಟೆಯ ಮೂವತ್ತು ಮನೆಯವರೂ ಬಂದರು. ಕಚೇರಿಯಲ್ಲಿ ಜಾಗ ಸಾಲದೆ ಕಿಟಕಿಗಳಲ್ಲೂ ತಲೆಗಳಿದ್ದವು. ಶಿವಮೂರ್ತಪ್ಪ ಫೋಟೋಸ್ಟಾಟ್ ಓದಿದರು. ಅಧಿಕಾರಿ ನೋಟೀಸನ್ನು ರದ್ದುಪಡಿಸಿ, ಮನೆಗಳಿಗೆ ಹಕ್ಕುಪತ್ರ ಕೊಡಲು ಅಳತೆಗೆ ಆದೇಶ ಬರೆದರು.

"ಇನ್ನೊಂದು ಸಲ ಓದ್ರಿ ಸ್ವಾಮಿ," ಎಂದರು ಉಡಚಮ್ಮ. ಶಿವಮೂರ್ತಪ್ಪ ಮತ್ತೆ ಓದಿದರು. ನೂರಾ ಹದಿನೆಂಟು ಎನ್ನುವಾಗ ಇಡೀ ಊರು ಜೊತೆಗೆ ಹೇಳಿತು. ಆಮೇಲೆ ಆ ನಗು, ಆ ಗದ್ದಲ. ಬಸ್‌ಸ್ಟ್ಯಾಂಡಿನವರೆಗೂ ಹೆಂಗಸರು ದಾಸಪ್ಪನ ಕೈ ಬಿಡಲಿಲ್ಲ.

ಮಲ್ಲಿಕಾರ್ಜುನಪ್ಪನ ಹೇಳಿಕೆ ಎರಡೇ ಪುಟ. ತಮ್ಮೂರು ಹೊಳೆಮಾವಿನಹಳ್ಳಿ ಡ್ಯಾಮಿನ ನೀರಲ್ಲಿ ಮುಳುಗಿದಾಗ ಬದಲಿ ಜಮೀನು ಕೊಡುತ್ತೇವೆ ಎಂದಿದ್ದರು. ಅವನಪ್ಪ ಕಾಯುತ್ತಲೇ ಸತ್ತ. ಹಳೇ ದಫ್ತರದಲ್ಲಿ ದುರುಗಿಕಟ್ಟೆಯ ಹೆಸರಿನ ಮುಂದೆ ಬೇಚರಾಕ್ ಎಂಬ ಪದ ಕಂಡಾಗ ಅವನಿಗೆ, ಯಾರದ್ದೂ ಅಲ್ಲದ ಊರೊಂದು ಅವ್ವನಿಗೆ ಸಿಕ್ಕಿತು ಅನ್ನಿಸಿತ್ತು. ಅಲ್ಲಿ ಜನ ಇದ್ದಾರೆಂದು ತಿಳಿದ ಮೇಲೂ ನಿಲ್ಲಿಸಲಿಲ್ಲ.

"ಪುಸ್ತಕ ಯಾಕೆ ಸುಡಲಿಲ್ಲ?"

"ಅಷ್ಟೊಂದು ಊರು ಅದಾವೆ ಸಾರ್ ಅದರಾಗೆ. ನಮ್ಮೂರು ಹುಡುಕ್ತಿದ್ದೆ. ಇಲ್ಲ. ಅರವತ್ತೊಂದರ ಪುಸ್ತಕ ಎಲ್ಲಾದ್ರೂ ಸಿಗ್ತೈತಾ?"

ಶಿವಮೂರ್ತಪ್ಪ ಹೇಳಿಕೆಗೆ ಸಹಿ ಹಾಕಿಸಿಕೊಂಡರು. ಆಮೇಲೆ ಠಾಣೆಯ ಕಾಗದ ಬಿಟ್ಟು ತಮ್ಮದೇ ಅಂಚೆ ಕಾರ್ಡಿನಲ್ಲಿ ಸರ್ವಮಂಗಳಮ್ಮನವರಿಗೆ ಬರೆದರು. ಜುಲೈ ೯ಕ್ಕೆ ಉತ್ತರ ಬಂತು. ಅದನ್ನು ಅವರೇ ನಲ್ಲೂರಿಗೆ ಒಯ್ದು ಅಜ್ಜಮ್ಮನ ಮುಂದೆ ಓದಿದರು: ಹೊಳೆಮಾವಿನಹಳ್ಳಿ, ೧೯೬೧, ಮನೆ ೪೧, ಜನ ೨೦೬.

ಅಜ್ಜಮ್ಮ ಬೆರಳು ಮಡಚುತ್ತಾ ಗಂಡನ ಹೆಸರು, ಮಕ್ಕಳ ಹೆಸರು, ಅತ್ತೆಯ ಹೆಸರು ಹೇಳಿದರು.

"ಇನ್ನೂರಾ ಆರರಾಗೆ ನಾವು ಏಳು ಮಂದಿ," ಅಂದರು.