ತೌಡಿನ ಕೋಣೆಯ ಮುಚ್ಚಳ

ಉಚ್ಚಂಗೆಮ್ಮನ ಬಲಗೈ ತೌಡಿನ ರಾಶಿಯಲ್ಲಿ ಸಿಕ್ಕಿತು.

ಆಯುಧಪೂಜೆ ಕಳೆದು ಹನ್ನೊಂದು ದಿನವಾಗಿತ್ತು. ಸಿರುಗುಪ್ಪದ ಆ ಅಕ್ಕಿ ಗಿರಣಿಯಲ್ಲಿ ಬೆಳಗಿನ ಪಾಳಿ ಆಗತಾನೆ ಶುರುವಾಗಿತ್ತು. ಭತ್ತವನ್ನು ಮೇಲಕ್ಕೆತ್ತುವ ಯಂತ್ರದ ಬೆಲ್ಟು, ಕಸ ಗುಡಿಸುತ್ತಿದ್ದ ಆಕೆಯ ಕೈಯನ್ನು ಮೊಣಕೈಯ ಕೆಳಗೆ ಕಿತ್ತುಕೊಂಡಿತ್ತು.

ಅಪಘಾತವಾದ ಐದನೆಯ ದಿನ ಬಳ್ಳಾರಿಯ ಗಾಂಧಿನಗರದಿಂದ ವಿಮಾ ಕಂಪನಿಯ ತನಿಖೆಗಾರ್ತಿ ಯಶೋಧರಾ ಗಿರಣಿಗೆ ಬಂದಳು. ಆಕೆಯ ಚೀಲದಲ್ಲಿ ಗಿರಣಿಯ ಮಾಲೀಕ ಸುಂಕಪ್ಪನ ಹೇಳಿಕೆಯಿತ್ತು: ಬೆಲ್ಟು ಓಡುವ ಚಕ್ರಕ್ಕೆ ಮೊದಲಿನಿಂದಲೂ ತಗಡಿನ ಮುಚ್ಚಳವಿತ್ತು; ಉಚ್ಚಂಗೆಮ್ಮ ತಾನೇ ಅದನ್ನು ಬಿಚ್ಚಿ, ಓಡುವ ಯಂತ್ರಕ್ಕೆ ಕೈ ಹಾಕಿದಳು. ಇದು ನಿಜವಾದರೆ ಪರಿಹಾರವಿಲ್ಲ. ಬೇಕೆಂದೇ ಮುಚ್ಚಳ ಕಿತ್ತವರ ಕೈಯನ್ನು ಕಾನೂನು ಹಿಡಿಯುವುದಿಲ್ಲ.

ಹಿಂದಿನ ದಿನ ಆಸ್ಪತ್ರೆಯಲ್ಲಿ ಉಚ್ಚಂಗೆಮ್ಮ ಹೇಳಿದ ಮಾತು ಯಶೋಧರಾಳ ಕಿವಿಯಲ್ಲಿ ಇನ್ನೂ ಇತ್ತು — "ಯಾವ ಮುಚ್ಚಳ ಯವ್ವಾ? ನಾ ಕಂಡೇ ಇಲ್ಲ. ಮನಿಯಾಗ ದುಡಿಯಾಕಿ ನಾನೊಬ್ಬಾಕಿ. ಇನ್ನ ಹೆಂಗ?"

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು.

ಗಿರಣಿಯ ತೌಡಿನ ಕೋಣೆಯಲ್ಲಿ ಮುಚ್ಚಳ ಈಗ ತನ್ನ ಜಾಗದಲ್ಲಿ ಭದ್ರವಾಗಿ ಕುಳಿತಿತ್ತು. ಯಶೋಧರಾ ಕೂಲಿಗಳ ಮೇಲ್ವಿಚಾರಕ ಮಾರೆಣ್ಣನತ್ತ ತಿರುಗಿದಳು.

"ಅವತ್ತು ನೀವೆಲ್ಲಿದ್ರಿ?"

"ಆಕೀನ್ನ ಜೀಪಿನ್ಯಾಗ ಹಾಕ್ಕೊಂಡು ಬಳ್ಳಾರಿಗೆ ಓಡಿದ್ನಿರಿ. ತಿರುಗಿ ಬಂದಾಗ ಸಂಜಿ. ಮುಚ್ಚಳ ಹಾಕಿತ್ತು. ಮೊದಲಿಂದು ನನ್ನ ಕೇಳಬ್ಯಾಡ್ರಿ."

"ಸಾವ್ಕಾರ್ರು?"

"ಕುರುಗೋಡಿನ್ಯಾಗ ಮದುವಿಗೆ ಹೋಗಿದ್ರು. ಫೋನ್ ಮಾಡಿ ತಿಳಿಸಿದ್ವಿ."

"ಹಂಗಾದ್ರ ಇಲ್ಲಿ ಉಳಿದೋರು?"

ಯಂತ್ರಗಳ ಮಿಸ್ತ್ರಿ ಹೊನ್ನೂರಸ್ವಾಮಿ ಮುಂದೆ ಬಂದ. ಐವತ್ತು ದಾಟಿದ ಮನುಷ್ಯ. ಹಣೆಯ ಮೇಲೆ ಎರಡು ಗೆರೆ ವಿಭೂತಿ. ಬಲಗೈಗೆ ಸುತ್ತಿಕೊಂಡ ಎಣ್ಣೆ ಬಟ್ಟೆ.

"ನಾನಿದ್ದೆ. ಬಿದ್ದಿದ್ದ ಮುಚ್ಚಳ ತಿರುಗಿ ಕೂಡಿಸಿದೆ, ಅಷ್ಟೇರಿ. ಅದು ಮೊದಲಿಂದ ಇತ್ತು. ಬೇಕಾದ್ರ ನೋಡ್ರಿ, ಪೂಜಿ ವಿಭೂತಿ ಇನ್ನೂ ಅದರ ಮ್ಯಾಲೆ ಐತಿ."

ಇತ್ತು. ಗೆರೆಗಳ ನಡುವೆ ಕುಂಕುಮವೂ ಇತ್ತು. ಯಶೋಧರಾ ಕೋಣೆಯಲ್ಲಿದ್ದ ಪ್ರತಿ ಯಂತ್ರದ ಮುಂದೆಯೂ ಒಂದೊಂದು ಗಳಿಗೆ ನಿಂತಳು.

"ಬೋಲ್ಟು ಬಿಚ್ಚೋ ಪಾನಾ ಯಾರ ಹತ್ರ ಇರತೈತಿ?"

"ನನ್ನ ಹತ್ರ."

"ಕಸಬರಿಗಿ ಹಿಡಿಯಾಕಿಗೆ ಅದು ಹೆಂಗ ಸಿಕ್ತು?"

"ಕದ್ದಿರಬೇಕ್ರಿ."

"ಹೌದೌದು," ಎಂದ ಮಾರೆಣ್ಣ, "ಇನ್ನೊಂದಿನ ಬಿಟ್ಟಿದ್ರ ಮೋಟ್ರೂ ಬಿಚ್ಚಿ ತೆಕ್ಕಲಕೋಟಿಗೆ ಹೊತ್ಕೊಂಡು ಹೋಗ್ತಿದ್ಲು!"

ಯಶೋಧರಾ ಮುಚ್ಚಳದ ಬೋಲ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಯಂತ್ರ ನಿಲ್ಲಿಸ್ರಿ. ಮುಚ್ಚಳ ಬಿಚ್ರಿ."

ಹೊನ್ನೂರಸ್ವಾಮಿ ಬಾಗಿಲತ್ತ ನೋಡಿದ. ಅಲ್ಲಿ ಸುಂಕಪ್ಪ ಬಂದು ನಿಂತಿದ್ದ. ನಾಲ್ಕು ಬೋಲ್ಟು ಕಳಚಿದವು. ಯಶೋಧರಾ ಬಗ್ಗಿ, ಚಕ್ರದ ನಡುಭಾಗದ ಮೇಲೆ ಬ್ಯಾಟರಿಯ ಬೆಳಕು ಬಿಟ್ಟಳು. ಬಹಳ ಹೊತ್ತು ಮೇಲೇಳಲಿಲ್ಲ.

"ಮಾರೆಣ್ಣ, ಪೂಜಿಗೆ ಇವುಕ್ಕೆಲ್ಲ ವಿಭೂತಿ ಹಚ್ಚೋರು ಯಾರು?"

"ಉಚ್ಚಂಗೆಮ್ಮನರಿ. ಪ್ರತಿ ವರ್ಷಾ ಆಕೀನೇ. ತೊಳದು, ಒರಸಿ, ಮೂರು ಬೆರಳಿಲೆ ಎಳಿತಾಳ."

"ಚಕ್ರದ ಮ್ಯಾಲೆ ಆಕಿ ಎಳೆದ ಮೂರು ಗೆರಿ ಅದಾವ. ಮುಚ್ಚಳ ಇದ್ದಿದ್ರ ಆಕಿ ಬೆರಳು ಒಳಗ ಹೆಂಗ ಹೋಗತಿದ್ವು?"

"ಪೂಜಿಗಂತ ಬಿಚ್ಚಿದ್ವಿ," ಎಂದ ಸುಂಕಪ್ಪ ಥಟ್ಟನೆ. "ಆಮ್ಯಾಲೆ ಮುಚ್ಚಿದ್ವಿ. ಮುಚ್ಚಳಕ್ಕೂ ಆಕೀನೇ ಹಚ್ಚಿದ್ಲು."

"ಹಚ್ಚಿದ್ರ ಮೂರು ಗೆರಿ ಇರಬೇಕಿತ್ತು, ಸಾವ್ಕಾರ್ರ. ಇಲ್ಲಿರೋ ಎಲ್ಲಾ ಯಂತ್ರಕ್ಕೂ ಮೂರು. ಮುಚ್ಚಳದ ಮ್ಯಾಲೆ ಮಾತ್ರ ಎರಡು." ಆಕೆ ಮಿಸ್ತ್ರಿಯತ್ತ ತಿರುಗಿದಳು. "ಆ ಎಣ್ಣಿ ಬಟ್ಟಿ ಕೆಳಗಿಡ್ರಿ."

ಬಟ್ಟೆ ಕೆಳಗೆ ಬಿತ್ತು. ಅವನ ಬಲಗೈಯಲ್ಲಿ ಉಂಗುರದ ಬೆರಳಿರಲಿಲ್ಲ. ಬುಡದಲ್ಲಿ ಹಳೆಯ, ಹೊಳೆಯುವ ಗಾಯದ ಗುರುತು.

"ಎಡಗೈಲೆ ವಿಭೂತಿ ಮುಟ್ಟೋ ಮನುಷ್ಯ ಅಲ್ಲ ನೀವು. ಸುಳ್ಳು ಸಾಕ್ಷಿ ಹುಟ್ಟಿಸೋವಾಗಲೂ ಬಲಗೈಲೇ ಹಚ್ಚೀರಿ, ದಿನಾ ಹಣಿಗೆ ಹಚ್ಕೊಂಡಂಗ. ಮುಚ್ಚಳ ಬಂದಿದ್ದು ಕೈ ಹೋದ ಮ್ಯಾಲೆ. ತಂದೋರು ನೀವು. ತರಿಸಿದೋರು ಯಾರು?"

"ಲೇ ಹೊನ್ನೂರಾ, ಬಾಯಿ ಮುಚ್ಚು!"

ಹೊನ್ನೂರಸ್ವಾಮಿ ಮಾಲೀಕನ ಮುಖ ನೋಡಲಿಲ್ಲ, ಚಕ್ರವನ್ನೇ ನೋಡುತ್ತಿದ್ದ.

"ಸಾವ್ಕಾರ್ರೇ ಫೋನಿನ್ಯಾಗ ಹೇಳಿದ್ರು. 'ಗೋದಾಮಿನ್ಯಾಗ ಬಿದ್ದೈತಲ್ಲ, ತಂದು ಕೂಡಿಸು. ಇಲ್ಲಾಂದ್ರ ನೀನೂ ಮನಿಗೆ ಹೋಗು' ಅಂದ್ರು. ಒಮ್ಮೀನೂ ಹಾಕದ ತಗಡಂತ ಗುರುತು ಸಿಗತೈತಂತ ವಿಭೂತಿ ನಾನೇ ಹಚ್ಚಿದೆ." ಅವನು ಚಕ್ರದತ್ತ ಬಲಗೈ ಚಾಚಿದ. "ನನ್ನ ಬೆರಳು ತಿಂದಿದ್ದೂ ಇದೇ ಚಕ್ರರಿ. ಅವಾಗೂ ಮುಚ್ಚಳ ಗೋದಾಮಿನ್ಯಾಗೇ ಇತ್ತು. ಕೆಲಸ ಬಿಡಸಲ್ಲ ಅಂದ್ರು. ಅದೇ ಪರಿಹಾರ ಅಂತ ಸುಮ್ಮನಾದೆ."

ಸುಂಕಪ್ಪ ಹೊರಗೆ ನಡೆದು ಯಾರಿಗೋ ಫೋನ್ ಹಚ್ಚಿದ. ಯಶೋಧರಾ ಮೂರು ಗೆರೆಗಳ ಚಿತ್ರ ತೆಗೆದಳು, ಆಮೇಲೆ ಎರಡರದು. ಆ ಮೂರು ಗೆರೆಗಳನ್ನು ಎಳೆದ ಬೆರಳುಗಳು ಈಗ ಇರಲಿಲ್ಲ. ಕಾಗದದ ಮೇಲೆ ಆಕೆ ಬರೆದಳು: ಉಚ್ಚಂಗೆಮ್ಮ ಏನನ್ನೂ ಬಿಚ್ಚಿಲ್ಲ. ಬಿಚ್ಚಲು ಅಲ್ಲಿ ಏನೂ ಇರಲಿಲ್ಲ.

ಹೊನ್ನೂರಸ್ವಾಮಿ ಸಹಿ ಹಾಕಿದ. ಪೆನ್ನು ಹಿಂದಿರುಗಿಸಲಿಲ್ಲ.

"ನಂದೂ ಒಂದು ಸಾಲು ಬರಕೊಳ್ರಿ ಮೇಡಂ. ಬೆರಳಿಂದು."

ಹಳೆಯ ಗಾಯಕ್ಕೆ ಪರಿಹಾರ ಕೇಳುವ ಕಾಲ ಮೀರಿದೆ ಎಂದು ಗೊತ್ತಿದ್ದೂ ಆಕೆ ಕೇಳಿದಳು, "ಯಾವಾಗ ಹೋತು?"

"ತಾರೀಖು ನೆನಪಿಲ್ರಿ." ಅವನು ಹಣೆ ಮುಟ್ಟಿಕೊಂಡ. "ಮಗಳ ಮದುವಿ ಫೋಟೋದಾಗ ನೋಡ್ರಿ, ಮೂರು ಗೆರಿ ಅದಾವ. ಮೊಮ್ಮಗನ ತೊಟ್ಟಿಲ ಫೋಟೋದಾಗ ಎರಡು."